ನಾಲಿಗೆ ಬಿತ್ತು

ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ, ತುದಿಯನ್ನು ಚೂಪಾಗಿ ಸವೆಸಿದ ಒಂದು ಜೊತೆ ಹಳಿಗಳಿರುತ್ತವೆ. ಲಿವರ್ ಎಳೆದರೆ ಅವು ಪಕ್ಕಕ್ಕೆ ಸರಿದು ದೊಡ್ಡ ಹಳಿಗೆ ಅಂಟಿಕೊಂಡು, ಬರುವ ಗಾಡಿಗೆ ದಾರಿ ತೋರಿಸುತ್ತವೆ. ನಮ್ಮ ಯಾರ್ಡಿನಲ್ಲಿ ಆ ಚೂಪು ಹಳಿಗೆ ನಾಲಿಗೆ ಎನ್ನುತ್ತಾರೆ, ದೊಡ್ಡದಕ್ಕೆ ತಾಯಿಹಳಿ ಎನ್ನುತ್ತಾರೆ. ನಾಲಿಗೆ ಹೋಗಿ ತಾಯಿಹಳಿಗೆ ಬಡಿದಾಗ ಧಡ್ ಎಂದು ಸದ್ದಾಗುತ್ತದೆ. ಕೇಳಿದವರು "ಬಿತ್ತು" ಎಂದು ಕೂಗುತ್ತಾರೆ. ಆ ಕೂಗು ಕಿವಿಗೆ ಬಿದ್ದ ಮೇಲೆಯೇ ಡ್ರೈವರ್ ಗಾಡಿ ಬಿಡುವುದು. ಲಿವರ್ ಎಳೆದವರು ತಾವೇ ಕೂಗುವಂತಿಲ್ಲ, ಇನ್ನೊಬ್ಬರು ಕೇಳಿ ಕೂಗಬೇಕು. ಎಲ್ಲೂ ಬರೆದಿಟ್ಟ ನಿಯಮವಲ್ಲ ಇದು. ಆದರೆ ತಾನು ಅಡುಗೆ ಮಾಡಿ ತಾನೇ ರುಚಿಯಾಗಿದೆ ಎಂದುಕೊಳ್ಳುವುದು ಹೇಗೋ ಹಾಗೆ, ಎಳೆದವರೇ ಕೂಗಿದರೆ ಯಾರ್ಡಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆ ಲಿವರ್‌ಗಳಲ್ಲಿ ಅತ್ಯಂತ ಮೊಂಡಾದದ್ದು ನನ್ನ ಅಕ್ಕನ ಪಾಲಿನದು. ಯಾರ್ಡಿನ ಕುತ್ತಿಗೆ ಎಂದು ಕರೆಯುವ ಜಾಗದಲ್ಲಿ ಅದಿದೆ. ಅಲ್ಲಿಂದ ಎಡಕ್ಕೆ ತಿರುಗಿದರೆ ಬೋಗಿ ತೊಳೆಯುವ ಸಾಲು, ಬಲಕ್ಕೆ ತಿರುಗಿದರೆ ಉಗ್ರಾಣದ ಸಾಲು. ಅಕ್ಕ ನನಗಿಂತ ಎಷ್ಟು ದೊಡ್ಡವಳೆಂದರೆ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ನಾನು ಮಾತು ಕಲಿಯುವ ವಯಸ್ಸಿನಲ್ಲಿ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. "ಅವನಿಗೆ ಹಸಿವಿಲ್ಲ, ಅವನಿಗೆ ನಿದ್ದೆ ಬಂದಿದೆ, ಅವನಿಗೆ ಆ ಕೆಂಪು ಅಂಗಿ ಬೇಡ" ಎಂದು ಅವಳು ಹೇಳುತ್ತಿದ್ದುದು ಹೆಚ್ಚಾಗಿ ಸರಿಯೇ ಇರುತ್ತಿದ್ದುದರಿಂದ ನಾನು ತಿದ್ದುವ ಗೋಜಿಗೆ ಹೋಗಲಿಲ್ಲ. ಹಾಗೆ ಸುಮ್ಮನಿರುವುದು ನನಗೆ ಒಗ್ಗಿಹೋಯಿತು, ಕ್ರಮೇಣ ಪ್ರೀತಿಯೂ ಆಯಿತು. ಅವಳು ನನಗಿಟ್ಟ ಹೆಸರು ಗುಮ್ಮ. ನಾನು ಓದಿ ಪದವಿ ತೆಗೆದುಕೊಂಡು ಅದೇ ಯಾರ್ಡಿನ ಸುಧಾರಣಾ ವಿಭಾಗಕ್ಕೆ ಸೇರಿದ ದಿನ ಅವಳು ಎಲ್ಲರ ಮುಂದೆ ಆ ಹೆಸರಿನಿಂದಲೇ ಕರೆದಳು. ಅಂದಿನಿಂದ ನಾನು ಗುಮ್ಮ ಸಾರ್.

ಸುಧಾರಣಾ ವಿಭಾಗ ಎಂದರೆ ಒಂದು ಮೇಜು, ಒಂದು ಕಿಟಕಿ ಮತ್ತು ನಾನು. ಕಿಟಕಿಯಿಂದ ಕುತ್ತಿಗೆಯ ಪಾಯಿಂಟು, ಎಂದರೆ ನಾಲಿಗೆ, ಲಿವರ್ ಎಲ್ಲ ಸೇರಿದ ಆ ಜೋಡಣೆ, ಕಾಣುತ್ತಿತ್ತು. ಅಕ್ಕ ಲಿವರ್ ಎಳೆಯುವುದನ್ನು ನಾನು ದಿನವೂ ನೋಡುತ್ತಿದ್ದೆ. ಮೊದಮೊದಲು ಒಂದು ಕೈಯಲ್ಲಿ ಎಳೆಯುತ್ತಿದ್ದಳು, ಇನ್ನೊಂದು ಕೈ ಮಾತಿಗೆ ಬೇಕಿತ್ತು. ಆಮೇಲೆ ಎರಡೂ ಕೈ ಹಾಕತೊಡಗಿದಳು. ಈ ವರ್ಷ ಎರಡು ಕೈಯ ಜೊತೆಗೆ ಇಡೀ ಮೈಯನ್ನೇ ಹಿಂದಕ್ಕೆ ಒಗೆಯುತ್ತಿದ್ದಳು. ಎಳೆದಾದ ಮೇಲೆ ಬಲ ಭುಜವನ್ನು ಎಡಗೈಯಿಂದ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. ಅಕ್ಕ ಸುಮ್ಮನೆ ನಿಲ್ಲುವುದು ನನಗೆ ಹೆದರಿಕೆ ಹುಟ್ಟಿಸಿತು.

ವೈದ್ಯರು ಭುಜದ ಕೀಲು ಸವೆದಿದೆ, ಇನ್ನು ಭಾರ ಎಳೆಯಬಾರದು ಎಂದರು. ಯಾರ್ಡಿನ ಮೇಲ್ವಿಚಾರಕರು ವೈದ್ಯರ ಚೀಟಿ ಓದಿ, ಹಾಗಾದರೆ ಉಗ್ರಾಣದ ಕಿಟಕಿಯಲ್ಲಿ ಕೂತು ಕೈಗವಸು, ಪೊರಕೆ, ದೀಪದ ಬತ್ತಿ ಕೊಡುವ ಕೆಲಸ ಇದೆ ಎಂದರು. ಉಗ್ರಾಣ ಯಾರ್ಡಿನ ತುದಿಯಲ್ಲಿತ್ತು. ಅಲ್ಲಿಗೆ ಜನ ಬೆಳಿಗ್ಗೆ ಒಮ್ಮೆ ಬಂದರೆ ಮತ್ತೆ ಸಂಜೆಯೇ. ನನಗೆ ಕೊಟ್ಟಿದ್ದರೆ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದೆ.

"ಅಲ್ಲಿ ಮಾತಾಡೋಕೆ ಪೊರಕೆ ಬಿಟ್ರೆ ಯಾರಿದಾರೋ?" ಎಂದಳು ಅಕ್ಕ. "ಒಂದು ತಿಂಗಳಲ್ಲಿ ಪೊರಕೆಗಳೇ ಅರ್ಜಿ ಹಾಕ್ತವೆ, ಈ ಹೆಂಗಸನ್ನ ಬೇರೆ ಕಡೆ ಕಳಿಸಿ ಅಂತ."

ನಗುತ್ತಲೇ ಹೇಳಿದಳು. ನಗುವಿನ ಕೊನೆ ಸ್ವಲ್ಪ ಮೊದಲೇ ಮುಗಿದಂತೆ ಕೇಳಿಸಿತು. ಲಿವರ್ ಹಗುರವಾದರೆ ಅಕ್ಕ ಕುತ್ತಿಗೆಯಲ್ಲೇ ಉಳಿಯುತ್ತಾಳೆ. ನಾನು ಪಾಯಿಂಟಿನ ಸುಧಾರಣೆಗೆ ಕೈ ಹಾಕಿದ್ದು ಇಷ್ಟಕ್ಕೇ. ನಾನು ಬರೆದ ಪ್ರಸ್ತಾವದಲ್ಲಿ ಬೇರೆ ಬೇರೆ ಕಾರಣಗಳಿದ್ದವು, ಅವೆಲ್ಲ ನಿಜವೂ ಆಗಿದ್ದವು.

ಲಿವರ್ ಭಾರವಾಗುವುದು ನಾಲಿಗೆಯ ತೂಕದಿಂದಲ್ಲ. ನಾಲಿಗೆ ಉಕ್ಕಿನ ಜಾರುಪಟ್ಟಿಗಳ ಮೇಲೆ ತೆವಳಿಕೊಂಡು ಹೋಗುತ್ತದೆ. ಜಾರಲಿ ಎಂದು ಗ್ರೀಸ್ ಬಳಿಯುತ್ತಾರೆ. ಗ್ರೀಸಿಗೆ ಧೂಳು, ಮರಳು, ತರಗೆಲೆ ಎಲ್ಲ ಅಂಟಿ ಅದೇ ಮರುದಿನ ತಡೆಯಾಗುತ್ತದೆ. ಮತ್ತೆ ಕೆರೆದು ಮತ್ತೆ ಬಳಿಯಬೇಕು. ನಾನು ಮಾಡಿದ್ದು ದೊಡ್ಡ ವಿದ್ಯೆಯೇನಲ್ಲ. ಪಟ್ಟಿಗಳ ನಡುವೆ ಪುಟ್ಟ ಉರುಳೆಗಳನ್ನು ಕೂರಿಸಿದೆ. ನಾಲಿಗೆ ಚಲಿಸುವಾಗ ಮಾತ್ರ ಕೂದಲೆಳೆಯಷ್ಟು ಮೇಲೆದ್ದು ಉರುಳೆಗಳ ಮೇಲೆ ಹೋಗುತ್ತದೆ, ಗುರಿ ತಲುಪಿದ ಮೇಲೆ ಮತ್ತೆ ಪಟ್ಟಿಯ ಮೇಲೆ ಕೂರುತ್ತದೆ. ಗ್ರೀಸು ಬೇಡ. ಕೊನೆಯಲ್ಲಿ ಬಡಿತ ಜೋರಾಗಿ ಹಳಿಯ ತುದಿ ಸವೆಯದಿರಲಿ ಎಂದು ಒಂದು ರಬ್ಬರಿನ ತಡೆಯನ್ನೂ ಸೇರಿಸಿದೆ. ಆ ರಬ್ಬರ್ ನಿಜವಾಗಿಯೂ ಹಳಿಯ ತುದಿಗಾಗಿಯೋ ಅಥವಾ ದಿನವೆಲ್ಲ ಕಿಟಕಿಯೊಳಗೆ ನುಗ್ಗುತ್ತಿದ್ದ ಆ ಧಡ್ ಸದ್ದಿನಿಂದ ನಾನೇ ತಪ್ಪಿಸಿಕೊಳ್ಳಲೆಂದೋ, ಈಗ ಖಚಿತವಾಗಿ ಹೇಳಲಾರೆ.

ಮೇಲ್ವಿಚಾರಕರ ಒಪ್ಪಿಗೆ ಸಿಗುವುದೇ ಒಂದು ಕಥೆಯಾಯಿತು. ಅವರು ಒಳ್ಳೆಯ ಮನುಷ್ಯ. ಯಾರ ಮಾತಿಗೂ ಇಲ್ಲ ಎನ್ನುವವರಲ್ಲ, ಯಾರ ಮಾತಿಗೂ ಹೂಂ ಎಂದವರೂ ಅಲ್ಲ. ಏನೇ ಕೇಳಿದರೂ ಕನ್ನಡಕ ತೆಗೆದು ಒರೆಸುತ್ತ "ಆಮೇಲೆ ನೋಡೋಣ" ಎನ್ನುತ್ತಿದ್ದರು. ಕಚೇರಿಯ ಮುರಿದ ಫ್ಯಾನಿನಿಂದ ಹಿಡಿದು ಎಲ್ಲವೂ ಅವರ ಆಮೇಲೆಯಲ್ಲಿ ಸುಖವಾಗಿ ಮಲಗಿದ್ದವು. ಯಾರ್ಡಿನಲ್ಲಿ ಅವರ ಹೆಸರೇ ಆಮೇಲೆ ಸಾಹೇಬರು. ಕೊನೆಗೆ ಅಕ್ಕನೇ ಹೋಗಿ ಅವರ ಬಾಗಿಲಲ್ಲಿ ನಿಂತು ಮಾತಾಡಲು ಶುರುಮಾಡಿದಳು. ಅವರು ಕನ್ನಡಕವನ್ನು ಒರೆಸಿ ಒರೆಸಿ ಸಾಕಾಗಿ, ಒಂದು ಪಾಯಿಂಟಿಗೆ ಮಾತ್ರ, ಪರೀಕ್ಷೆಗೆ ಮಾತ್ರ ಎಂದು ರುಜು ಹಾಕಿದರು.

ಹೊಸ ಪಾಯಿಂಟು ಕೂತ ಬೆಳಿಗ್ಗೆ ಅಕ್ಕ ಅಭ್ಯಾಸದಂತೆ ಎರಡೂ ಕೈ ಹಾಕಿ ಮೈ ಹಿಂದಕ್ಕೆ ಒಗೆದಳು. ಲಿವರ್ ಬೆಣ್ಣೆಯಲ್ಲಿ ಹೋದ ಹಾಗೆ ಬಂತು. ಅಕ್ಕ ಜಲ್ಲಿಯ ಮೇಲೆ ಕುಕ್ಕರಬಡಿದಳು.

ಬೋಗಿಗಳನ್ನು ಅತ್ತಿತ್ತ ಸಾಗಿಸಿ ಜೋಡಿಸುವ ಶಂಟಿಂಗ್ ಕೆಲಸದವನು ಓಡಿಬಂದು ಎಬ್ಬಿಸಿದ. ಅವನಿಗೆ ಯಾರ್ಡಿನಲ್ಲಿ ಸೀಟಿ ಎಂದು ಹೆಸರು. ಬಾಯಲ್ಲಿ ಸೀಟಿ ಇಲ್ಲದೆ ಅವನನ್ನು ನೋಡಿದವರಿಲ್ಲ. ಊಟ ಮಾಡುವಾಗಲೂ ಅದು ಕೊರಳಿಗೆ ನೇತುಬಿದ್ದು ತಟ್ಟೆಯಲ್ಲಿ ಅದ್ದಿಕೊಳ್ಳುತ್ತಿತ್ತು.

"ಅಕ್ಕಯ್ಯ, ಹಳಿ ಬಿತ್ತೋ ನೀವು ಬಿದ್ರೋ?" ಎಂದ.

"ಅದೇ ಗೊತ್ತಾಗ್ತಿಲ್ಲ ಕಣೋ," ಎಂದಳು ಅಕ್ಕ, ಸೀರೆ ಕೊಡವುತ್ತ. ಮತ್ತೆ ಎಡಗೈಯ ಎರಡು ಬೆರಳಿನಲ್ಲಿ ಲಿವರನ್ನು ಆಚೆ ತಳ್ಳಿದಳು, ಈಚೆ ಎಳೆದಳು. ನನ್ನ ಕಿಟಕಿಯ ಕಡೆ ತಿರುಗಿದಳು. "ಲೋ ಗುಮ್ಮ, ನಿನ್ನ ಹಾಗೇ ಮಾಡಿಟ್ಟಿದೀಯಲ್ಲೋ ಇದನ್ನ. ಉಸಿರೇ ಬಿಡಲ್ಲ. ಹುಟ್ಟಿದಾಗಿಂದ ನಿನ್ನ ನಾಲಿಗೆ ಬಿದ್ದುಹೋಗಿದೆ ಅಂತ, ಹಳಿ ನಾಲಿಗೇನೂ ಬೀಳಿಸಿಬಿಟ್ಯಲ್ಲ."

ಹಾಗೆಂದರೂ ಅವಳ ಮುಖ ಅರಳಿತ್ತು. ಆ ದಿನವೆಲ್ಲ ಒಂದೇ ಕೈಯಲ್ಲಿ ಲಿವರ್ ಎಳೆದಳು. ಇನ್ನೊಂದು ಕೈ ಮತ್ತೆ ಮಾತಿಗೆ ಬಿಡುವಾಯಿತು. ನಾನು ಕಿಟಕಿಯ ಬಳಿ ಕೂತು ಕೇಳುತ್ತಿದ್ದೆ. ಧಡ್ ಇರಲಿಲ್ಲ. ಅದರ ಜಾಗದಲ್ಲಿ ಗಾಳಿ, ದೂರದ ಇಂಜಿನ್ನಿನ ಗುರುಗುರು, ಅಕ್ಕನ ಮಾತು. ಇಷ್ಟು ದಿನ ಆ ಸದ್ದಿನ ಕೆಳಗೆ ಇವೆಲ್ಲ ಇದ್ದವಲ್ಲ ಎಂದು ನನಗೆ ಬೆರಗಾಯಿತು. ಪಾಯಿಂಟನ್ನು ನಾನು ಗೆದ್ದೆ ಎಂದುಕೊಂಡೆ.

ನಾನು ಸೋತದ್ದು ಆ ವಾರದ ಕೊನೆಯಲ್ಲಿ, ಬೆಡ್‌ಶೀಟುಗಳಿಂದ.

ಮಲಗುವ ಬೋಗಿಗಳ ಹಾಸಿಗೆ ಬಟ್ಟೆಯನ್ನೆಲ್ಲ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಮಡಿಸಿ, ಒಂದು ತೆರೆದ ವ್ಯಾಗನ್ನಿನಲ್ಲಿ ಗೋಪುರದ ಹಾಗೆ ಜೋಡಿಸಿ ಲಾಂಡ್ರಿಯಿಂದ ಉಗ್ರಾಣಕ್ಕೆ ಕಳಿಸುತ್ತಾರೆ. ಅದು ಕುತ್ತಿಗೆಗೆ ಬಂತು. ಬಲಕ್ಕೆ ಹೋಗಬೇಕು. ಅಕ್ಕ ಡ್ರೈವರಣ್ಣನ ಮಗಳ ಪರೀಕ್ಷೆಯ ವಿಷಯ ವಿಚಾರಿಸುತ್ತ ಎಡಗೈಯಲ್ಲಿ ಲಿವರ್ ಎಳೆದಳು. ನಾಲಿಗೆ ಸದ್ದಿಲ್ಲದೆ ಬಲಕ್ಕೆ ಹೋಗಿ ಕೂತಿತು. ಸೀಟಿ ಪಾಯಿಂಟಿಗೆ ಬೆನ್ನು ಹಾಕಿ ನಿಂತಿದ್ದ. ಯಾರ್ಡಿನಲ್ಲಿ ಎಲ್ಲರೂ ಹಾಗೆಯೇ ನಿಲ್ಲುವುದು. ಕಣ್ಣು ಇಂಜಿನ್ನಿನ ಕಡೆ, ಕಿವಿ ಪಾಯಿಂಟಿನ ಕಡೆ. ವಾರವೆಲ್ಲ ತಿರುಗಿ ನೋಡಿ ಕೂಗುತ್ತಿದ್ದವನು ಅಂದು ಹಳೆಯ ಅಭ್ಯಾಸದಂತೆ ಧಡ್‌ಗಾಗಿ ಕಾದ. ಧಡ್ ಬರಲಿಲ್ಲ. ಅಕ್ಕನ ಮಾತು ಮಾತ್ರ ಬರುತ್ತಲೇ ಇತ್ತು. ಮಾತಿನ ಭರದಲ್ಲಿ ಅಕ್ಕಯ್ಯ ಎಳೆಯುವುದನ್ನೇ ಮರೆತರು ಎಂದುಕೊಂಡು, ದೊಡ್ಡವರಿಗೆ ಹೇಳಿ ನೋಯಿಸುವುದೇಕೆಂದು ತಾನೇ ಹಿಂದಿನಿಂದ ಬಂದು ಲಿವರನ್ನು ತಳ್ಳಿದ. ನಾಲಿಗೆ ಅಷ್ಟೇ ಮರ್ಯಾದೆಯಿಂದ ಎಡಕ್ಕೆ ಬಂದು ಕೂತಿತು. ಅಕ್ಕ ನೋಡಲಿಲ್ಲ. ಸೀಟಿಗೆ ಈಗಲೂ ಸದ್ದು ಕೇಳಲಿಲ್ಲ. ಆದರೆ ಈ ಸಲ ತಾನೇ ತಳ್ಳಿದ್ದನಲ್ಲ.

"ಬಿತ್ತು" ಎಂದು ಕೂಗಿದ.

ವ್ಯಾಗನ್ನು ಗಂಭೀರವಾಗಿ ತೊಳೆಯುವ ಸಾಲಿಗೆ ಹೋಯಿತು. ಗಾಡಿ ಒಳಗೆ ಬಂದ ಕೂಡಲೇ ಎರಡೂ ಕಡೆಯಿಂದ ನೀರು ಚಿಮ್ಮುವ ಯಂತ್ರ ಅದು. ಬೋಗಿ ಯಾವುದು ಬೆಡ್‌ಶೀಟ್ ಯಾವುದು ಎಂದು ಕೇಳುವ ಪೈಕಿ ಅಲ್ಲ. ಮೊದಲು ಸೋಪಿನ ನೀರು, ಆಮೇಲೆ ಬಿರುಸು ಕೂದಲಿನ ದೊಡ್ಡ ಬ್ರಷ್ಷು, ಆಮೇಲೆ ಸಾದಾ ನೀರು. ಆಚೆ ತುದಿಯಲ್ಲಿ ಹೊರಬಂದಾಗ ಆ ಬಿಳಿ ಗೋಪುರ ನೆನೆದ ಕೋಳಿಯ ಹಾಗೆ ಒಂದು ಕಡೆ ವಾಲಿಕೊಂಡಿತ್ತು.

ಲಾಂಡ್ರಿಯ ಮೇಡಂ ಬಂದು ನೋಡಿದರು. ಅವರು ಬಯ್ಯಲಿಲ್ಲ. ಒಂದು ಬೆಡ್‌ಶೀಟನ್ನು ಎತ್ತಿ ಹಿಂಡಿದರು, ಮತ್ತೆ ಹಾಗೇ ಇಟ್ಟರು.

"ನಾವು ಚೆನ್ನಾಗಿ ಒಗೆದಿರಲಿಲ್ಲ ಅನ್ಸುತ್ತೆ," ಎಂದರು. "ತಪ್ಪಾಯ್ತು. ಇನ್ನೊಂದು ಸಲ ಒಗೀತೀವಿ."

ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಸಾಹೇಬರು ನಮ್ಮನ್ನೆಲ್ಲ ಕರೆಸಿದರು. ಕನ್ನಡಕ ಮೂಗಿನ ಮೇಲೆಯೇ ಇತ್ತು. ಅವರು ಅದನ್ನು ತೆಗೆಯಲೂ ಇಲ್ಲ, ಒರೆಸಲೂ ಇಲ್ಲ. ಏನೋ ಕೆಟ್ಟದ್ದಾಗಲಿದೆ ಎಂದು ನನಗೆ ಅಲ್ಲೇ ಗೊತ್ತಾಯಿತು.

"ಇವತ್ತು ಬೆಡ್‌ಶೀಟು. ನಾಳೆ ಜನ ಕೂತಿರೋ ಬೋಗಿ ಆಗ್ಬಹುದು," ಎಂದರು. "ಬರೋ ಶನಿವಾರ ಈ ಪಾಯಿಂಟ್ ಕಿತ್ತು ಹಳೇದನ್ನೇ ಕೂರಿಸ್ತೀವಿ. ಹಳೇದು ಬಂದ್ರೆ ನಿಮ್ಮ ಭುಜಕ್ಕೆ ಆಗಲ್ಲ, ಆದ್ದರಿಂದ ಆವತ್ತಿನಿಂದಲೇ ನೀವು ಉಗ್ರಾಣದ ಕಿಟಕಿಗೆ."

ಅವರ ಬಾಯಿಂದ ಒಂದು ವಾರದ ಹೆಸರು ಬಂದದ್ದನ್ನು ಯಾರ್ಡಿನಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಹೊರಗೆ ಬಂದ ಮೇಲೆ ಸೀಟಿ ಅಕ್ಕನ ಹಿಂದೆಯೇ ನಡೆಯುತ್ತ "ನಂದೇ ತಪ್ಪು ಅಕ್ಕಯ್ಯ, ತಿರುಗಿ ನೋಡ್ಬೇಕಿತ್ತು" ಎಂದ.

"ನಾನೂ ನೋಡ್ಬೇಕಿತ್ತು," ಎಂದಳು. "ಬಿಡು. ಯಾರು ನೋಡ್ತಾರೆ ಇಲ್ಲಿ? ಕಿವಿ ಇರೋವಾಗ."

ಶನಿವಾರದೊಳಗೆ ಪಾಯಿಂಟಿಗೆ ದನಿ ಕೊಡಬೇಕಿತ್ತು. ರಬ್ಬರನ್ನು ಕಿತ್ತುಹಾಕಿ ನೋಡಿದೆ. ಉರುಳೆಗಳ ಮೇಲೆ ನಾಲಿಗೆ ಅಷ್ಟು ಮೆತ್ತಗೆ ಹೋಗುತ್ತಿತ್ತೆಂದರೆ ರಬ್ಬರ್ ಇಲ್ಲದೆಯೂ ಪಿಸುಮಾತಿಗಿಂತ ಹೆಚ್ಚೇನೂ ಹೊರಡಲಿಲ್ಲ. ಆಮೇಲೆ ಲಿವರಿಗೆ ಒಂದು ಗಂಟೆ ಕಟ್ಟಿದೆ. ಲಿವರ್ ಅಲುಗಿದರೆ ಟಿಣಿಟಿಣಿ ಎನ್ನುತ್ತಿತ್ತು. ಡ್ರೈವರಣ್ಣ ಇಂಜಿನ್ನಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಗುಮ್ಮ ಸಾರ್, ಐಸ್‌ಕ್ರೀಮ್ ಗಾಡಿ ಬಂತಾ? ನನಗೊಂದು ಕಡ್ಡಿ ಐಸು" ಎಂದ.

ಐಸ್‌ಕ್ರೀಮಿನ ಮಾತಿರಲಿ, ಗಂಟೆಯಲ್ಲಿ ಬೇರೆಯೇ ಒಂದು ಐಬು ಇತ್ತು. ಅದನ್ನು ತೋರಿಸಿದವಳು ಅಕ್ಕ. ಬೇಕೆಂದೇ ನಾಲಿಗೆ ಮತ್ತು ತಾಯಿಹಳಿಯ ನಡುವೆ ಒಂದು ಜಲ್ಲಿಕಲ್ಲು ಸಿಕ್ಕಿಸಿ ಲಿವರ್ ಎಳೆದಳು. ನಾಲಿಗೆ ಕಲ್ಲಿಗೆ ತಗುಲಿ ಅರ್ಧಕ್ಕೇ ನಿಂತಿತು. ಗಂಟೆ ಮಾತ್ರ ಖುಷಿಯಾಗಿ ಟಿಣಿಟಿಣಿ ಎಂದಿತು.

"ನೋಡು, ಸುಳ್ಳು ಹೇಳ್ತು," ಎಂದಳು. "ಹಳೇದೂ ಹೀಗೇ ಕಣೋ. ಒಂದ್ಸಲ ಕಲ್ಲು ಸಿಕ್ಕಿದ್ರೂ ಧಡ್ ಅಂತು. ಎಳೆದಿದ್ದು ಬೇರೆಯವರು, ನಾನು ಕೇಳಿ ಬಿತ್ತು ಅಂತ ಕೂಗ್ದೆ. ಖಾಲಿ ವ್ಯಾಗನ್ನು, ಹಳಿ ಬಿಟ್ಟು ಕೆಳಗಿಳೀತು. ಯಾರಿಗೂ ಏನೂ ಆಗ್ಲಿಲ್ಲ, ಸದ್ಯ." ಕಲ್ಲನ್ನು ಕಿತ್ತು ಎಸೆದು, "ಸದ್ದು ಬೇಕು ನಿಜ. ಆದ್ರೆ ಎಲ್ಲಾ ಸದ್ದೂ ನಂಬೋ ಹಾಗಿರಲ್ಲ" ಎಂದಳು.

ಜನ್ಮದಲ್ಲಿ ಮೊದಲ ಸಲ ಅಕ್ಕ ಸದ್ದಿನ ವಿರುದ್ಧ ಮಾತಾಡಿದ್ದಳು. ನಾನಾಗಿದ್ದರೆ ಸದ್ದಿನ ಪರವಾಗಿ ಏನು ಹೇಳುತ್ತಿದ್ದೆ ಎಂದು ಯೋಚಿಸುತ್ತ ಮನೆಗೆ ಹೋದೆ.

ಮರುದಿನ ರಜೆ. ಅಕ್ಕನ ಮನೆಯ ಮುಂದಿನ ಕೋಣೆಯೇ ಅವಳ ಗಂಡ, ನನ್ನ ಭಾವನ ಹೊಲಿಗೆ ಅಂಗಡಿ. ಬೆಳಗಿನ ಬಿಸಿಲು ಮೆಷಿನ್ನಿನ ಚಕ್ರದ ಮೇಲೆ ಬೀಳುತ್ತಿತ್ತು. ನೆಲದ ತುಂಬ ಚಿಂದಿ ಬಟ್ಟೆ, ಗೋಡೆಗೆ ಆನಿಸಿಟ್ಟ ಅಳತೆ ಕೋಲು, ಒಂದು ಹಳೆಯ ಬಿಸ್ಕತ್ತಿನ ಡಬ್ಬದ ತುಂಬ ಗುಂಡಿಗಳು. ನಾನು ಅಲ್ಲಿಗೆ ಹೋಗಿ ಕೂರುವುದು ನನಗೂ ಭಾವನಿಗೂ ಇಬ್ಬರಿಗೂ ಇಷ್ಟ. ಅವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಮಾತಾಡುವುದಿಲ್ಲ, ಸುಮ್ಮನಿರಲು ನನಗೆ ನೆಪವೇ ಬೇಕಿಲ್ಲ. ಅಕ್ಕನನ್ನು ಮದುವೆಯಾದ ಮೇಲೆ ಅವರು ಗುಂಡುಸೂಜಿ ಕೆಳಗಿಡದಿರುವುದಕ್ಕೆ ಹೊಲಿಗೆಯಲ್ಲದೆ ಬೇರೆ ಕಾರಣವೂ ಇರಬಹುದು ಎಂದು ನನ್ನ ಅನುಮಾನ.

ಅಂದು ಅವರು ಅಕ್ಕನ ಕೆಲಸದ ಕೋಟು ಹಿಡಿದುಕೊಂಡು ಕೂತಿದ್ದರು. ಮೊದಲು ಅದಕ್ಕೆ ದಪ್ಪ ಗುಂಡಿಗಳಿದ್ದವು. ಅವನ್ನೆಲ್ಲ ಬಿಚ್ಚಿ ಟಿಚ್ ಬಟನ್ ಹಾಕುತ್ತಿದ್ದರು.

"ಯಾಕೆ ಭಾವ?" ಎಂದೆ.

ಅವರು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದರು. "ಬಲಗೈ ಮೇಲಕ್ಕೆ ಬರಲ್ಲ ಅವಳಿಗೆ. ಗುಂಡಿ ತೂರಿಸೋಕೆ ಎರಡು ಕೈ ಬೇಕು. ಇದಾದ್ರೆ ಒಂದೇ ಕೈ. ಒತ್ತಿದ್ರೆ ಆಯ್ತು." ಮತ್ತೆ ಸೂಜಿಗಳನ್ನು ಬಾಯಿಗಿಟ್ಟುಕೊಂಡರು. ಅವಳಿಗೆ ಹೇಳಬೇಡ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದರು. ಕೇಳಿಕೊಂಡು ಮಾಡಿದರೆ ಅಕ್ಕ ಬೇಡವೆನ್ನುತ್ತಿದ್ದಳು.

ಅಷ್ಟರಲ್ಲಿ ಅಕ್ಕನೇ ಒಳಗಿನಿಂದ ಬಂದಳು. "ರೀ, ನನ್ನ ಕೋಟು ಎಲ್ಲಿ ಬಚ್ಚಿಟ್ರಿ?" ಎನ್ನುತ್ತ ಅವರ ಕೈಯಿಂದ ಕಿತ್ತು ತೊಟ್ಟುಕೊಂಡಳು. ಗುಂಡಿ ಬದಲಾದದ್ದು ಬೆರಳಿಗೆ ಗೊತ್ತಾಗಿರಬೇಕು, ಆದರೆ ಆಗ ಅವಳು ಲಾಂಡ್ರಿ ಮೇಡಮ್ಮಿನ ವಿಷಯದಲ್ಲಿದ್ದಳು. ನಿಲ್ಲಿಸಲು ಪುರುಸೊತ್ತಿರಲಿಲ್ಲ.

"ಅವರು ಬೈದಿದ್ರೆ ನಾನೂ ನಾಲ್ಕು ಮಾತು ಆಡಿ ಹಗುರ ಆಗ್ತಿದ್ದೆ. ಟಿಚ್. ಸಾರಿ ಅನ್ನೋಕೂ ಬಿಡ್ಲಿಲ್ಲವಲ್ಲ ಆ ಹೆಂಗಸು. ಟಿಚ್. ನಾಳೆ ಹೋಗಿ ನಾನೇ ಒಂದಿಷ್ಟು ಹಿಂಡಿಕೊಟ್ಟು ಬರ್ತೀನಿ. ಟಿಚ್. ಭುಜ ನೋಯುತ್ತೆ ಅಂತೀರಾ, ಎಡಗೈಯಲ್ಲೇ ಹಿಂಡ್ತೀನಿ..."

ಟಿಚ್ ಎಂದವಳು ಅವಳಲ್ಲ, ಗುಂಡಿಗಳು. ಅವಳ ಎಡಗೈ ಮೇಲಿನಿಂದ ಕೆಳಗೆ ಒತ್ತುತ್ತ ಬರುತ್ತಿತ್ತು. ಅವಳು ಕೆಳಗೆ ನೋಡುತ್ತಿರಲಿಲ್ಲ. ಕೊನೆಯ ಗುಂಡಿಯನ್ನೂ ಒತ್ತಿದಳು. ಮತ್ತೆ ಮಾತಿನ ನಡುವೆಯೇ ನಿಂತುಬಿಟ್ಟಳು.

"ಇದು ಕೂತಿಲ್ಲ ರೀ," ಎಂದಳು.

ಭಾವ ಬಗ್ಗಿ ನೋಡಿದರು. ಗುಂಡಿಯ ಎರಡು ಹೋಳುಗಳ ನಡುವೆ ಒಂದು ನೂಲು ಸಿಕ್ಕಿಕೊಂಡಿತ್ತು. ಕಣ್ಣಿಗೆ ಕೂತ ಹಾಗೆಯೇ ಕಾಣುತ್ತಿತ್ತು. ಅವರು ನೂಲನ್ನು ಉಗುರಿನಿಂದ ಕಿತ್ತು ತೆಗೆದರು. ಅಕ್ಕ ಮತ್ತೆ ಒತ್ತಿದಳು. ಟಿಚ್.

"ಅಕ್ಕ, ಅದು ಕೂತಿಲ್ಲ ಅಂತ ನಿನಗೆ ಹೇಗೆ ಗೊತ್ತಾಯ್ತು?" ಎಂದೆ.

"ಟಿಚ್ ಅನ್ಲಿಲ್ಲವಲ್ಲೋ."

"ನೀನು ಮಾತಾಡ್ತಾ ಇದ್ದೆ."

"ಮಾತಾಡ್ತಾ ಇದ್ರೆ ಕಿವಿ ಮುಚ್ಚಿಹೋಗಿರುತ್ತಾ? ಟಿಚ್ ಅನ್ನದೇ ಹೋದ್ರೆ ಅದೆಂಥ ಟಿಚ್ ಬಟನ್ನು?" ಆಮೇಲೆ ಅವಳಿಗೆ ಏನೋ ಹೊಳೆದಂತಾಗಿ ಕೋಟಿನ ಮುಂಭಾಗವನ್ನು ನೋಡಿಕೊಂಡಳು. "ಯಾವಾಗ ಹಾಕಿದ್ರಿ ಇವನ್ನ?" ಎಂದು ಗಂಡನನ್ನು ಕೇಳಿದಳು. ಭಾವ ಬಾಯಲ್ಲಿದ್ದ ಸೂಜಿಗಳನ್ನು ತೋರಿಸಿದರು. ಅಕ್ಕ ಮೇಲಿನ ಗುಂಡಿಯನ್ನು ಬಿಚ್ಚಿ ಮತ್ತೊಮ್ಮೆ ಸುಮ್ಮನೆ ಒತ್ತಿದಳು.

ನಾನು ಡಬ್ಬದಿಂದ ಒಂದು ಜೊತೆ ಟಿಚ್ ಬಟನ್ ತೆಗೆದುಕೊಂಡು ಕಿಟಕಿಯ ಬಳಿ ಹೋದೆ. ಒತ್ತಿದೆ, ಬಿಡಿಸಿದೆ, ಮತ್ತೆ ಒತ್ತಿದೆ. ಒಂದು ಹೋಳಿನಲ್ಲಿ ಉಬ್ಬು, ಇನ್ನೊಂದರಲ್ಲಿ ಸಣ್ಣ ತಂತಿಯ ಹಿಡಿತ. ಉಬ್ಬು ಆ ತಂತಿಯನ್ನು ಅಗಲಿಸಿಕೊಂಡು ಹೋಗಿ, ಪೂರ್ತಿ ಒಳಗೆ ಇಳಿದ ಕ್ಷಣಕ್ಕೆ ಮಾತ್ರ ತಂತಿ ಹಿಂದಕ್ಕೆ ಹಾರಿ ಟಿಚ್ ಎನ್ನುತ್ತದೆ. ಕಾಗದದಷ್ಟು ಅಂತರ ಉಳಿದರೂ ಅದು ಬಾಯಿ ಬಿಡುವುದಿಲ್ಲ. ಕೆಲಸ ಮುಗಿಯದೆ ಮಾತಾಡದ ವಸ್ತು. ಇಷ್ಟು ವರ್ಷ ಈ ಡಬ್ಬದ ಪಕ್ಕದಲ್ಲೇ ಮೌನವಾಗಿ ಕೂತು ಹೋಗಿದ್ದೆನಲ್ಲ ಎನಿಸಿತು.

"ಗುಂಡಿ ತಗೊಂಡು ಹೋಗ್ತೀಯಾದ್ರೆ ತಗೊಂಡು ಹೋಗು ಗುಮ್ಮಪ್ಪ," ಎಂದರು ಭಾವ, ಸೂಜಿಗಳ ನಡುವಿನಿಂದಲೇ. "ಕಿಟಕೀಲಿ ನಿಂತು ಟಿಚ್ ಟಿಚ್ ಅನ್ನಿಸ್ಬೇಡ. ಬೀದೀಲಿ ಹೋಗೋರು ಒಂಥರಾ ನೋಡ್ತಿದಾರೆ."

ಸೋಮವಾರದಿಂದ ನಾನು ಯಾರ್ಡಿನ ರಿಪೇರಿ ಕಾರ್ಖಾನೆಯ ಮೂಲೆಯೊಂದನ್ನು ಬಿಡಲಿಲ್ಲ. ನಾಲಿಗೆಯ ಪಕ್ಕಕ್ಕೆ ಒಂದು ಉಕ್ಕಿನ ಉಬ್ಬು, ತಾಯಿಹಳಿಯ ಬುಡಕ್ಕೆ ಒಂದು ಸ್ಪ್ರಿಂಗ್ ಪಟ್ಟಿ. ನಾಲಿಗೆ ಪೂರ್ತಿ ಅಂಟಿಕೊಂಡಾಗ ಮಾತ್ರ ಪಟ್ಟಿ ಉಬ್ಬಿನ ಅಂಚಿನಿಂದ ಜಾರಿ ಹಿಂದಕ್ಕೆ ಹಾರಬೇಕು. ಮೊದಲು ಮಾಡಿದ್ದು ಕಾರ್ಖಾನೆಯೊಳಗೆ ಚೆನ್ನಾಗಿ ಟಿಚ್ ಎಂದಿತು. ಯಾರ್ಡಿಗೆ ತಂದು ಕೂರಿಸಿದರೆ ಇಂಜಿನ್ನಿನ ಗದ್ದಲದಲ್ಲಿ ಇರುವೆ ಕೆಮ್ಮಿದ ಹಾಗಾಯಿತು. ಪಟ್ಟಿ ಹಾರಿ ಬೀಳುವ ಕಡೆ ಒಂದು ಉಕ್ಕಿನ ಬಟ್ಟಲನ್ನು ಬೋರಲು ಹಾಕಿದೆ. ಆಗ ಸದ್ದು ಚಿಮ್ಮಿ ಬಂತು.

ಸೀಟಿ ಬಂದು ಕಿವಿ ಕೊಟ್ಟು ಕೇಳಿದ. "ಚೆನ್ನಾಗಿದೆ ಸಾರ್. ಆದ್ರೆ ಎಡಕ್ಕೆ ಬಿದ್ರೂ ಟಿಚ್, ಬಲಕ್ಕೆ ಬಿದ್ರೂ ಟಿಚ್. ಮತ್ತೆ ನಾನು ಇನ್ನೊಂದ್ಸಲ ತಳ್ಳಿದ್ರೆ ಮತ್ತೆ ಬೆಡ್‌ಶೀಟ್ ಸ್ನಾನ ಮಾಡುತ್ತೆ."

ಎರಡು ಬದಿಗೂ ಬೇರೆ ಬೇರೆ ಬಟ್ಟಲು ಹಾಕಿದೆ. ತೊಳೆಯುವ ಸಾಲಿಗೆ ತೆಳುವಾದದ್ದು, ಉಗ್ರಾಣದ ಸಾಲಿಗೆ ದಪ್ಪನೆಯದು. ಎಡಕ್ಕೆ ಟಿಚ್, ಬಲಕ್ಕೆ ಟೊಕ್. ಅಕ್ಕ ಲಿವರನ್ನು ಆಚೀಚೆ ಆಡಿಸಿ ಟಿಚ್ ಟೊಕ್ ಟಿಚ್ ಟೊಕ್ ಎನಿಸಿ, "ಈಗ ಇದು ಮನುಷ್ಯರ ಹಾಗೆ ಮಾತಾಡ್ತಿದೆ" ಎಂದು ಸರ್ಟಿಫಿಕೇಟು ಕೊಟ್ಟಳು.

ಶನಿವಾರ ಬೆಳಿಗ್ಗೆ ಹಳೆಯ ಪಾಯಿಂಟಿನ ಭಾಗಗಳನ್ನು ಹೊತ್ತ ಟ್ರಾಲಿ ಕುತ್ತಿಗೆಯ ಪಕ್ಕದಲ್ಲೇ ಬಂದು ನಿಂತಿತ್ತು. ಆಮೇಲೆ ಸಾಹೇಬರು ಛತ್ರಿ ಹಿಡಿದು ಬಂದರು. ಅವರು ಏನನ್ನೂ ಕೇಳಲಿಲ್ಲ. ಬಗ್ಗಿ ಒಂದು ಜಲ್ಲಿಕಲ್ಲು ಆರಿಸಿಕೊಂಡರು. ಚಿಕ್ಕದು, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಅದನ್ನು ನಾಲಿಗೆ ಹೋಗಿ ಕೂರುವ ಜಾಗದಲ್ಲಿ, ತಾಯಿಹಳಿಯ ಮಗ್ಗುಲಿಗೆ ತಾವೇ ಇಟ್ಟರು.

"ಎಳೀರಿ," ಎಂದರು.

ಅಕ್ಕ ಎಡಗೈಯಲ್ಲಿ ಎಳೆದಳು. ನಾಲಿಗೆ ಹೋಯಿತು, ನಿಂತಿತು. ಮೇಲಿನಿಂದ ನೋಡಿದರೆ ಕೂತ ಹಾಗೆಯೇ ಇತ್ತು. ಎಲ್ಲರೂ ಕಿವಿಗೊಟ್ಟು ನಿಂತರು. ಏನೂ ಕೇಳಲಿಲ್ಲ. ಇಂಜಿನ್ನು ದೂರದಲ್ಲಿ ಗುರುಗುಡುತ್ತಿತ್ತು. ಸಾಹೇಬರ ಛತ್ರಿಯ ಮೇಲೆ ಒಂದು ಹಕ್ಕಿ ಬಂದು ಕೂರಲು ನೋಡಿ ಮನಸ್ಸು ಬದಲಿಸಿತು. ಅಕ್ಕನೂ ಮಾತಾಡಲಿಲ್ಲ. ನಾನು ನನ್ನ ಜೀವನದಲ್ಲಿ ಎಷ್ಟೋ ಮೌನಗಳನ್ನು ಕೇಳಿದ್ದೇನೆ. ಹೆಚ್ಚಿನವು ಏನನ್ನೂ ಹೇಳುತ್ತಿರಲಿಲ್ಲ, ಅದೇ ಅವುಗಳ ಸುಖ ಎಂದುಕೊಂಡಿದ್ದೆ. ಈ ಮೌನ ಮಾತ್ರ ಸ್ಪಷ್ಟವಾಗಿ ಒಂದು ಮಾತು ಹೇಳುತ್ತಿತ್ತು. ಇನ್ನೂ ಇಲ್ಲ ಎನ್ನುತ್ತಿತ್ತು.

"ಬಿದ್ದಿಲ್ಲ," ಎಂದ ಸೀಟಿ, ಬೆನ್ನು ತಿರುಗಿಸಿಕೊಂಡೇ.

ಅಕ್ಕ ಲಿವರನ್ನು ಮೊದಲಿನ ಕಡೆಗೆ ತಳ್ಳಿದ ಮೇಲೆ ಸಾಹೇಬರು ಕಲ್ಲನ್ನು ತೆಗೆದರು. ಅಷ್ಟರಲ್ಲಿ ಬೆಡ್‌ಶೀಟಿನ ವ್ಯಾಗನ್ನು ಕುತ್ತಿಗೆಗೆ ಬಂದು ನಿಂತಿತು. ಮತ್ತೊಮ್ಮೆ ಒಗೆದು ಮಡಿಸಿದ ಅದೇ ಗೋಪುರ. ಅದರ ಹಿಂದೆ, ಈ ಸಲ ತಾವೇ ಜೊತೆಗಿರುವುದು ವಾಸಿ ಎಂದುಕೊಂಡೋ ಏನೋ, ಲಾಂಡ್ರಿಯ ಮೇಡಂ ನಡೆದು ಬರುತ್ತಿದ್ದರು. ಒಂದು ಬೆಡ್‌ಶೀಟು ಗಾಳಿಗೆ ಜಾರತೊಡಗಿತು. ಸೀಟಿ ಅದನ್ನು ಹಿಡಿಯಲು ವ್ಯಾಗನ್ನಿನ ಮೇಲೆ ಹತ್ತಿದ, ಬಾಯಲ್ಲಿ ಸೀಟಿ, ಎರಡೂ ಕೈಯಲ್ಲಿ ಬಟ್ಟೆ.

ಅಕ್ಕ ಲಿವರ್ ಎಳೆದಳು.

ಟೊಕ್.

ಸ್ವಚ್ಛವಾದ, ಗುಂಡಗಿನ ಸದ್ದು. ಬಲಕ್ಕೆ ಬಿದ್ದಿತ್ತು. ಆದರೆ ಯಾರೂ ಕೂಗಲಿಲ್ಲ. ಅಕ್ಕ ಎಳೆದವಳು, ಅವಳು ಕೂಗುವಂತಿಲ್ಲ. ಸಾಹೇಬರು ಸಾಹೇಬರು. ಸೀಟಿ ಬೆಡ್‌ಶೀಟಿನೊಳಗೆ ಮುಳುಗಿದ್ದ. ಡ್ರೈವರಣ್ಣ ಕಿಟಕಿಯಲ್ಲಿ ಮೊಣಕೈ ಊರಿ ಕಾಯುತ್ತಿದ್ದ. ಅಕ್ಕ ನನ್ನ ಕಡೆ ನೋಡಿದಳು. ಚಿಕ್ಕಂದಿನಿಂದ ನನ್ನ ಪಾಲಿನ ಮಾತನ್ನೆಲ್ಲ ಆಡಿದವಳು ಈಗ ತುಟಿ ಬಿಗಿಹಿಡಿದು ನಿಂತಿದ್ದಳು, ಗಂಟಲಲ್ಲಿ ಆ ಮಾತು ಕುಣಿಯುತ್ತಿದ್ದುದು ಹೊರಗೇ ಕಾಣುತ್ತಿತ್ತು.

"ಬಿತ್ತು," ಎಂದೆ.

"ಏನಂದ್ರಿ ಗುಮ್ಮ ಸಾರ್?" ಎಂದ ಡ್ರೈವರಣ್ಣ, ಕಿವಿಗೆ ಕೈ ಅಡ್ಡ ಇಟ್ಟು. ಕೇಳಿಸಿದ್ದು ಅವನ ಮುಖದಲ್ಲೇ ಗೊತ್ತಾಗುತ್ತಿತ್ತು. "ಇಂಜಿನ್ ಸದ್ದು ನೋಡಿ, ಕೇಳಿಸ್ತಿಲ್ಲ."

"ಬಿತ್ತು," ಎಂದು ಕೂಗಿದೆ. ನನ್ನ ದನಿ ನಡುವೆ ಒಡೆದು ಎರಡಾಯಿತು. ಯಾರ್ಡಿನ ಆಚೆ ಗೋಡೆಗೆ ತಗುಲಿ ಮರಳಿ ಬಂದಾಗ ಅದು ಬೇರೆ ಯಾರದೋ ದನಿಯಂತಿತ್ತು, ಆದರೂ ಅಷ್ಟೇನೂ ಕೆಟ್ಟದಾಗಿರಲಿಲ್ಲ.

ವ್ಯಾಗನ್ನು ಮೆಲ್ಲಗೆ ಅಲುಗಿ, ನಾಲಿಗೆಯನ್ನು ದಾಟಿ, ಬಲಕ್ಕೆ ತಿರುಗಿ ಉಗ್ರಾಣದ ಕಡೆ ಹೋಯಿತು. ಬಿಳಿ ಗೋಪುರದ ಮೇಲೆ ಸೀಟಿ ರಾಜನ ಹಾಗೆ ಕೂತಿದ್ದ. ಲಾಂಡ್ರಿ ಮೇಡಂ ನಮ್ಮ ಮುಂದೆ ಹಾದುಹೋಗುವಾಗ "ಒಣಗಿದ್ದೇ ಹೋಗ್ತಿದೆ, ವಿಚಿತ್ರ" ಎಂದು ಅಕ್ಕನಿಗೆ ಹೇಳಿದರು. ಇಬ್ಬರೂ ನಕ್ಕರು. ಅಕ್ಕನಿಗೆ ಹಗುರವಾಯಿತು.

ಸಾಹೇಬರು ಟ್ರಾಲಿಯಲ್ಲಿದ್ದ ಹಳೆಯ ಸಾಮಾನನ್ನು ನೋಡಿದರು, ಹೊಸ ಪಾಯಿಂಟನ್ನು ನೋಡಿದರು. ಛತ್ರಿಯ ತುದಿಯಿಂದ ಬಟ್ಟಲನ್ನು ಒಮ್ಮೆ ಮುಟ್ಟಿದರು.

"ಇದು ಇರಲಿ," ಎಂದರು. ಟ್ರಾಲಿಯವರಿಗೆ ವಾಪಸು ಹೋಗಲು ಕೈ ಮಾಡಿ, ಹೊರಡಲು ತಿರುಗಿದರು.

ಅಕ್ಕ ಲಿವರಿನ ಹಿಡಿಯನ್ನು ಬಿಟ್ಟಿರಲಿಲ್ಲ. "ಸಾರ್," ಎಂದಳು. ದನಿ ಯಾವತ್ತಿಗಿಂತ ಸಣ್ಣದಾಗಿತ್ತು. "ಮತ್ತೆ ನನ್ನ ಉಗ್ರಾಣದ ಕಿಟಕಿ?"

ಸಾಹೇಬರು ನಿಂತರು. ಕನ್ನಡಕ ತೆಗೆದರು. ಜೇಬಿನಿಂದ ಕರವಸ್ತ್ರ ತೆಗೆದು, ಒಂದು ಗಾಜು ಒರೆಸಿದರು, ಇನ್ನೊಂದು ಗಾಜು ಒರೆಸಿದರು, ಬೆಳಕಿಗೆ ಹಿಡಿದು ನೋಡಿದರು. ನಾವೆಲ್ಲ ಆ ಕರವಸ್ತ್ರವನ್ನೇ ನೋಡುತ್ತಿದ್ದೆವು. ಇಂಜಿನ್ನಿನ ಕಿಟಕಿಯಲ್ಲಿ ಡ್ರೈವರಣ್ಣನ ಮುಖದಲ್ಲಿ ನಗು ಆಗಲೇ ಶುರುವಾಗಿತ್ತು.

"ಅದು ಆಮೇಲೆ ನೋಡೋಣ," ಎಂದರು.